ಚಕ್ರಕ್ಕೆ ಬೀಗ ಹಾಕುವವರ ನಡುವೆ

ನಮ್ಮ ಕನ್ನಡ ಕೂಟದಲ್ಲಿ ಆಡಿ ಬೆಳೆದ ಇಬ್ಬರು ಮಕ್ಕಳು ಟೆಕ್ಸಸ್ ಸರ್ಕಾರದ ತಪಾಸಣೆ ಕೆಲಸಕ್ಕೆ ಸೇರಿದ್ದಾರೆ. ಒಬ್ಬಳು ಲಿಫ್ಟುಗಳನ್ನು ಪರೀಕ್ಷೆ ಮಾಡುತ್ತಾಳಂತೆ, ಇನ್ನೊಬ್ಬ ಕ್ಷೌರದ ಅಂಗಡಿಗಳನ್ನು. ಅವರಿಗೆ ದಾರಿ ತೋರಿಸುವ ಹಾಗೆ ನಿಮ್ಮ ಅನುಭವ ಬರೆದುಕೊಡಿ ಎಂದು ಕೂಟದ ಸಂಚಿಕೆಯವರು ನನ್ನನ್ನು ಕೇಳಿದರು. ಆ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಅವರ ತಾಯಂದಿರೇ ಓದಿ ಹೇಳಬೇಕು. ಹೇಳುವಾಗ ನನ್ನ ಬೈಗುಳಗಳನ್ನು ಹಾರಿಸಿಬಿಡುತ್ತಾರೆಂದು ಗೊತ್ತು. ಇರಲಿ, ನಾನಂತೂ ಬರೆಯುತ್ತೇನೆ.

ನಾನು ಧಾರವಾಡದವಳು, ಕುಲಕರ್ಣಿ. ಆಸ್ಟಿನ್‌ನಲ್ಲಿರುವ ರಾಜ್ಯದ ಪರವಾನಗಿ ಇಲಾಖೆಯಲ್ಲಿ ತನಿಖಾಧಿಕಾರಿಯಾಗಿ ನಿವೃತ್ತಳಾದೆ. ನನ್ನ ಪಾಲಿಗೆ ಬಂದದ್ದು ಬೂಟ್ ವಿಭಾಗ. ಖಾಸಗಿ ಜಾಗದಲ್ಲಿ ಅಪ್ಪಣೆಯಿಲ್ಲದೆ ಕಾರು ನಿಲ್ಲಿಸಿದರೆ ಚಕ್ರಕ್ಕೆ ಹಳದಿ ಬಣ್ಣದ ಕಬ್ಬಿಣದ ಬೀಗ ಹಾಕುತ್ತಾರಲ್ಲ, ಅದಕ್ಕೆ ಇಲ್ಲಿ ಬೂಟ್ ಅನ್ನುತ್ತಾರೆ. ಆ ಬೀಗ ಹಾಕುವವರಿಗೆ ಆಗ ರಾಜ್ಯದ ಲೈಸೆನ್ಸ್ ಬೇಕಿತ್ತು, ಕಂಪನಿಗೊಂದು, ಹಾಕುವ ಮನುಷ್ಯನಿಗೊಂದು. ಅವರು ನಿಯಮ ಮೀರಿದರೆ ಕಾರಿನವರು ನಮಗೆ ದೂರು ಕೊಡುತ್ತಿದ್ದರು, ನಾನು ಹೋಗಿ ನೋಡುತ್ತಿದ್ದೆ. ಬೀಗ ಹಾಕಿದವರೂ ನನ್ನನ್ನು ಬೈಯುತ್ತಿದ್ದರು, ಹಾಕಿಸಿಕೊಂಡವರೂ ಬೈಯುತ್ತಿದ್ದರು. ಇಬ್ಬರೂ ಬೈದ ದಿನ ಕೆಲಸ ಸರಿಯಾಗಿ ಆಗಿದೆ ಎಂದುಕೊಂಡು ನಿದ್ದೆ ಮಾಡುತ್ತಿದ್ದೆ.

ಒಂದು ಕಡೆ ಕೂತು ಗೊತ್ತಿಲ್ಲದ ಹೆಂಗಸು ನಾನು. ಡಾಲಸ್ಸಿಗೆ ಹೋಗಿ ಬಂದು ಬ್ಯಾಗು ಕೆಳಗಿಡುವ ಮೊದಲೇ ಹ್ಯೂಸ್ಟನ್ನಿನ ದೂರು ಬಂದಿರುತ್ತಿತ್ತು, ಮತ್ತೆ ಹೊರಡುತ್ತಿದ್ದೆ, ಅದೇ ನನಗೆ ಹಿತವಾಗಿತ್ತು. ಈಗ ಆಸ್ಟಿನ್ ಪಕ್ಕದ ಲಿಯಾಂಡರಿನಲ್ಲಿ ಮನೆ. ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಎರಡು ನಿಮಿಷಕ್ಕೆ ಕಾಲು ಜುಮ್ಮೆನ್ನುತ್ತದೆ. ಅಂಗಡಿಗೆ ಹೋದರೆ ಒಳಗೆ ಹೋಗುವ ಮೊದಲು ಪಾರ್ಕಿಂಗ್ ಬೋರ್ಡು ಸರಿಯಾದ ಎತ್ತರದಲ್ಲಿದೆಯೇ, ಡ್ರೈವರ್ ಕಡೆ ಮುಖ ಮಾಡಿದೆಯೇ ಎಂದು ಒಂದು ಸುತ್ತು ಬರುತ್ತೇನೆ. ನಮ್ಮವರು ಸಾಮಾನಿನ ತಳ್ಳುಗಾಡಿ ಹಿಡಿದುಕೊಂಡು ಕಾಯುತ್ತಾ, "ಬಾ ಇನ್ನ, ಅವ್ರು ನಿನಗ ಪಗಾರ ಕೊಡೂದು ನಿಲ್ಲಿಸ್ಯಾರ" ಅನ್ನುತ್ತಾರೆ.

ನಿಯಮಗಳು ಹೆಚ್ಚೇನಿರಲಿಲ್ಲ. ಒಳಗೆ ಬರುವ ಪ್ರತಿಯೊಂದು ದಾರಿಯಲ್ಲೂ ಬೋರ್ಡಿರಬೇಕು. ಬೀಗ ಹಾಕಿದ ಮೇಲೆ, ಯಾರು ಹಾಕಿದರು, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬ ಚೀಟಿಯನ್ನು ಗಾಜಿಗೆ ಅಂಟಿಸಬೇಕು. ಕಾರಿನವರು ಫೋನ್ ಮಾಡಿದ ಒಂದು ಗಂಟೆಯೊಳಗೆ ಬಂದು ಬಿಚ್ಚಬೇಕು, ತಡವಾದರೆ ಶುಲ್ಕ ಕೇಳುವಂತಿಲ್ಲ. ಅನ್ಯಾಯವಾಯಿತು ಅನ್ನಿಸಿದರೆ ಕಾರಿನವರು ಸ್ಥಳೀಯ ಕೋರ್ಟಿಗೆ ಹೋಗಬಹುದು. ಇಷ್ಟನ್ನು ನೆಟ್ಟಗೆ ಪಾಲಿಸುವವರನ್ನು ಹುಡುಕುವುದರಲ್ಲೇ ನನ್ನ ಟಯರುಗಳು ಸವೆದವು. ಆಸ್ಟಿನ್‌ನ ವಿದ್ಯಾರ್ಥಿಗಳ ಬಡಾವಣೆಯಲ್ಲಿ ಅಣ್ಣನ ಲೈಸೆನ್ಸನ್ನು ಕೊರಳಿಗೆ ಹಾಕಿಕೊಂಡು ತಮ್ಮ ಬೀಗ ಹಾಕುತ್ತಿದ್ದ. ಇಬ್ಬರಿಗೂ ಒಂದೇ ಮೂಗು, ಒಂದೇ ಗಡ್ಡ. ನಾನು ಕಂಡುಹಿಡಿದದ್ದು ಅಣ್ಣನಿಗೆ ಫೋನ್ ಮಾಡಿ, ಅವನು ಅದೇ ಹೊತ್ತಿಗೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಉತ್ತರ ಕೊಟ್ಟಾಗ.

ಕೆಲಸಕ್ಕೆ ಸೇರಿದಾಗ ಅಳತೆ ಪಟ್ಟಿ, ಪುಟ್ಟ ಕ್ಯಾಮೆರಾ ಕೊಟ್ಟಿದ್ದರು. ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಫೈಲಿಗೆ ಅಂಟಿಸಬೇಕಿತ್ತು. ಆಮೇಲೆ ಎಲ್ಲರ ಕೈಗೂ ಒಳ್ಳೆಯ ಫೋನುಗಳು ಬಂದು, ದೂರಿನ ಜೊತೆ ವಿಡಿಯೋಗಳು ಬಂದು ಬೀಳತೊಡಗಿದವು. ಎಲ್ಲದರಲ್ಲೂ ಕೂಗಾಟ. ಯಾರು ಜೋರಾಗಿ ಕೂಗುತ್ತಾರೋ ಅವರದೇ ತಪ್ಪು ಎಂದು ಮನಸ್ಸು ಮೊದಲೇ ತೀರ್ಮಾನ ಮಾಡಿಬಿಡುತ್ತದೆ. ಅದಕ್ಕೇ ನಾನು ಮೊದಲ ಸಲ ಸೌಂಡ್ ಆಫ್ ಮಾಡಿ ನೋಡುವ ರೂಢಿ ಮಾಡಿಕೊಂಡೆ. ಬೋರ್ಡು ಎಲ್ಲಿದೆ, ಚಕ್ರ ಯಾವ ಗೆರೆ ದಾಟಿದೆ, ಚೀಟಿ ಅಂಟಿಸಿದ್ದಾರೆಯೇ ಎಂದು ನೋಡಿಕೊಂಡ ಮೇಲೆ ಕೂಗಾಟ ಕೇಳುತ್ತಿದ್ದೆ. ಮಕ್ಕಳೇ, ಇದೊಂದನ್ನು ಇಟ್ಟುಕೊಳ್ಳಿ, ಲಿಫ್ಟಿಗೂ ಆಗುತ್ತದೆ, ಕ್ಷೌರಕ್ಕೂ ಆಗುತ್ತದೆ.

ಮೇಲಧಿಕಾರಿಯ ವಿಷಯ ಹೇಳದಿದ್ದರೆ ಪೂರ್ತಿಯಾಗುವುದಿಲ್ಲ. ಕಾರ್ಲ್ ಎಂಬಾತ, ಹಿಂದೆ ಯಾವುದೋ ಸಣ್ಣ ಊರಿನಲ್ಲಿ ಪೊಲೀಸಾಗಿದ್ದವನು. ಬಾಯಲ್ಲಿ ಸದಾ ಹಲ್ಲುಕಡ್ಡಿ. ನಾನು ಮೂರು ವಾಕ್ಯ ಹೇಳುವಷ್ಟರಲ್ಲಿ ಅವನು ಅರ್ಧ ಪದ ಹೇಳುತ್ತಿದ್ದ, ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಸಲ ಡಾಲಸ್ಸಿನ ಅಂಗಡಿ ಸಾಲಿನಲ್ಲಿ ಬೋರ್ಡೇ ಕಾಣುವುದಿಲ್ಲ ಎಂಬ ದೂರು ಬಂತು. ಹೋಗಿ ನೋಡಿದರೆ ಬೋರ್ಡು ಬಾಗಿಲಷ್ಟು ದೊಡ್ಡದು. ದೂರದಿಂದ ಹೇಗೆ ಕಾಣುತ್ತದೋ ಅದರದೂ ಒಂದು ಫೋಟೋ ಇರಲಿ ಎಂದು ರಸ್ತೆ ದಾಟಿ ಆಚೆ ಹೋದೆ. ತಿರುಗಿ ಬರುವಷ್ಟರಲ್ಲಿ ನನ್ನ ಸರ್ಕಾರಿ ಕಾರಿನ ಮುಂದಿನ ಚಕ್ರಕ್ಕೆ ಹಳದಿ ಬೀಗ. ಬೀಗ ಹಾಕಿದವನು ಟೋಪಿ ತೆಗೆದು, ಅಂಗಡಿ ಬಿಟ್ಟು ಹೊರಗೆ ನಡೆದು ಹೋದವರ ಕಾರಿಗೆ ಬೀಗ ಎಂದು ಬೋರ್ಡಿನ ಎರಡನೇ ಸಾಲಿನಲ್ಲಿದೆ ಮೇಡಂ ಎಂದು ತೋರಿಸಿದ. ಇತ್ತು. ಬೋರ್ಡು ಸ್ಪಷ್ಟವಾಗಿ ಕಾಣುತ್ತದೆ, ದೂರು ನಿಲ್ಲುವುದಿಲ್ಲ ಎಂದು ನಾನೇ ವರದಿ ಬರೆಯಬೇಕಾಯಿತು. ಕಾರ್ಲ್ ಅದನ್ನು ಓದಿ ಹಲ್ಲುಕಡ್ಡಿ ತೆಗೆದು ನಕ್ಕ. ಆಮೇಲೆ ಬಹಳ ದಿನ, ನಾನು ಡಾಲಸ್ಸಿಗೆ ಹೊರಟಾಗಲೆಲ್ಲ "ಬಸ್ಸಲ್ಲಿ ಹೋಗ್ತೀಯಾ?" ಎಂದು ಕೇಳುತ್ತಿದ್ದ.

ಈಗ ಹ್ಯೂಸ್ಟನ್ನಿನ ಸಂಗತಿಗೆ ಬರುತ್ತೇನೆ. ಇದನ್ನು ಬರೆಯಲೆಂದೇ ನಾನು ಒಪ್ಪಿಕೊಂಡದ್ದು.

ಕಳೆದ ದಶಕದ ನಡುವೆ ಎಣ್ಣೆಯ ಬೆಲೆ ಬಿದ್ದು, ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಎಣ್ಣೆ ಕಂಪನಿಗಳ ಆಫೀಸುಗಳು ಜನರನ್ನು ಮನೆಗೆ ಕಳಿಸುತ್ತಿದ್ದ ಕಾಲ. ಆಗ ತೆರೇಸಾ ಎಂಬಾಕೆಯಿಂದ ಒಂದು ದೂರು ಬಂತು. ಆಕೆ ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರಿಗೆ ಸ್ನಾನ ಮಾಡಿಸಿ, ಔಷಧಿ ಕೊಟ್ಟು ಬರುವ ಕೆಲಸದವಳು. ಬೆಳಿಗ್ಗೆ ಯಾವುದೋ ಅಂಗಡಿಯ ಜಾಗದಲ್ಲಿ ಕಾರು ನಿಲ್ಲಿಸಿದ್ದು ನನ್ನದೇ ತಪ್ಪು ಎಂದು ಆಕೆ ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದಳು. ಫೋನ್ ಮಾಡಿದರೆ ಬೀಗದವನು ಈಗ ಬಂದೆ ಅಂದನಂತೆ, ಆಮೇಲೆ ಫೋನೇ ಎತ್ತಲಿಲ್ಲವಂತೆ. ಬೀಗ ಬಿಚ್ಚಿದ್ದು ಮರುದಿನ ಬೆಳಿಗ್ಗೆ. ಆ ದಿನದ ಮನೆಗಳಿಗೆಲ್ಲ ಆಕೆ ಹೋಗಲಾಗಲಿಲ್ಲ. ಒಬ್ಬ ಅಜ್ಜಿ ಟವೆಲ್ ಹೊದ್ದುಕೊಂಡು ಗಾಲಿಕುರ್ಚಿಯಲ್ಲಿ ಮಧ್ಯಾಹ್ನದವರೆಗೆ ಕಾದಿದ್ದಳಂತೆ. ತೆರೇಸಾಳ ಏಜೆನ್ಸಿ, ಇನ್ನೊಂದು ಸಲ ಹೀಗಾದರೆ ಕೆಲಸವಿಲ್ಲ ಎಂದಿತ್ತು. ಬೀಗದವನು ಶುಲ್ಕ ತೆಗೆದುಕೊಂಡಿರಲಿಲ್ಲ, ಆಕೆ ಪರಿಹಾರವನ್ನೂ ಕೇಳಿರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಯಾರಾದರೂ ಹೇಳಿ, ಇಷ್ಟೇ ಕೇಳಿದ್ದಳು.

ಬೀಗದವನ ಹೆಸರು ಗುರುಪ್ರಸಾದ್, ಮೈಸೂರಿನವನು, ಮನೆ ಹ್ಯೂಸ್ಟನ್ನಿನ ಪಕ್ಕದ ಕೇಟಿಯಲ್ಲಿ. ಕಂಪನಿಯೂ ಅವನೇ, ಕೆಲಸಗಾರನೂ ಅವನೇ. ಬೀಗ ಬಿಚ್ಚುವ ಕೀಲಿ ಮುರಿದಿತ್ತು, ಹೊಸದು ತರಿಸುವಷ್ಟರಲ್ಲಿ ತಡವಾಯಿತು ಎಂದು ಇಲಾಖೆಗೆ ಉತ್ತರ ಕೊಟ್ಟಿದ್ದ. ಹೆಸರು ನೋಡಿದ ಕೂಡಲೇ ನಾನು ಕಾರ್ಲ್ ಹತ್ತಿರ ಹೋಗಿ, ಇವನು ನಮ್ಮ ಭಾಷೆಯವನು, ಗುರುತಿಲ್ಲ, ಆದರೂ ಬೇರೆಯವರನ್ನು ಕಳಿಸು ಎಂದೆ. ಪರಿಚಯವಿಲ್ಲದಿದ್ದರೆ ನೀನೇ ಹೋಗು, ತೀರ್ಮಾನಕ್ಕೆ ಸಹಿ ನಾನು ಹಾಕುತ್ತೇನೆ ಎಂದ.

ಕೇಟಿಯಲ್ಲಿ ಎಂಜಿನಿಯರುಗಳ ಬೀದಿ, ಒಂದೇ ಥರದ ಇಟ್ಟಿಗೆಯ ಮನೆಗಳು. ಗುರುಪ್ರಸಾದ್ ಬಾಗಿಲು ತೆರೆದು ಇಂಗ್ಲಿಷಿನಲ್ಲಿ ಮಾತಾಡಿಸಿದ. ಇಪ್ಪತ್ತು ವರ್ಷ ಪೈಪ್‌ಲೈನ್ ಡಿಸೈನ್ ಮಾಡಿದವನಂತೆ. ಹಿಂದಿನ ಚಳಿಗಾಲದಲ್ಲಿ ಕೆಲಸ ಹೋಗಿ, ಬೇರೆ ಏನೂ ಸಿಗದೆ ಈ ಲೈಸೆನ್ಸ್ ಮಾಡಿಸಿದ್ದ. ಮನೆಯ ಕಂತು, ಮಗಳ ಓದು, ಎಲ್ಲ ಆ ಲೈಸೆನ್ಸಿನ ಮೇಲೆಯೇ ನಿಂತಿತ್ತು. ಗ್ಯಾರೇಜಿನಲ್ಲಿ ಬೂಟುಗಳನ್ನು ಒಪ್ಪವಾಗಿ ಜೋಡಿಸಿದ್ದ. ಆ ಓರಣ ನೋಡಿಯೇ ಎಂಜಿನಿಯರ್ ಎಂದು ಹೇಳಬಹುದಿತ್ತು. ಮುರಿದ ಕೀಲಿ ತೋರಿಸಿ ಎಂದೆ. ಅವನು ತಡಕಾಡಿದ. ಅಷ್ಟರಲ್ಲಿ ಅವನ ಹೆಂಡತಿ ಸುಮಾ ಅಡುಗೆಮನೆ ಬಾಗಿಲಲ್ಲಿ ನಿಂತು, ಕುಲಕರ್ಣಿ ಅಂದರೆ ಮರಾಠಿಯವಳೇ ಎಂದುಕೊಂಡೋ ಏನೋ, ಕನ್ನಡದಲ್ಲೇ ಹೇಳಿದಳು: "ರೀ, ಮುರಿದದ್ದು ಬಿಸಾಕಿಬಿಟ್ವಿ ಅಂತ ಹೇಳಿ."

ನಾನು ಬೂಟುಗಳ ಕಡೆ ನೋಡುತ್ತಿದ್ದೆ. ಹಳದಿ ಕಬ್ಬಿಣದ ಮೇಲೆ ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಗುರುತು, ನಡುವೆ ಕುಂಕುಮ. ಮೊಳೆಗೆ ನೇತುಹಾಕಿದ್ದ ಎರಡು ಕೀಲಿಗಳನ್ನು ಕೈಗೆ ತೆಗೆದುಕೊಂಡೆ. ಎರಡೂ ಗಟ್ಟಿಮುಟ್ಟು, ಎರಡರ ತೂತಿನಲ್ಲೂ ಒಣಗಿದ ಕುಂಕುಮ. ತೆರೇಸಾ ಹೇಳಿದ ದಿನ ಯಾವುದೆಂದು ಆಗ ತಲೆಗೆ ಹೊಳೆಯಿತು, ಮಹಾನವಮಿಯ ಆಯುಧ ಪೂಜೆ. ನಮ್ಮ ಕಡೆ ಅದಕ್ಕೆ ಖಂಡೇ ಪೂಜೆ ಅನ್ನುತ್ತೇವೆ. ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆಗಿಟ್ಟರೆ ಮರುದಿನ ದಶಮಿಯಂದು ಕದಲಿಸುವವರೆಗೆ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಅಪ್ಪನ ಪೆನ್ನು ಕೂಡ ಅಂದು ದೇವರ ಮುಂದೆ ಮಲಗಿರುತ್ತಿತ್ತು.

"ಖಂಡೇ ಪೂಜಿ ಮಾಡಿದ್ರಿ, ಹೌದಲ್ಲರಿ?" ಎಂದೆ.

ಗುರುಪ್ರಸಾದ್ ತಡಕಾಡುವುದನ್ನು ಬಿಟ್ಟ. ಆಮೇಲೆ ಸುಮಾ ಕುರ್ಚಿ ತಂದು ಹಾಕಿದಳು, ಕಾಫಿಗೆ ಇಟ್ಟಳು, ಮೇಡಂ ಹೋಗಿ ಆಂಟಿ ಆದೆ. ಕಾಫಿ ಕುಡಿಯುವಂತಿಲ್ಲ ಎಂದೆ, ನಿಂತುಕೊಂಡೇ ಕೇಳಿದೆ. ಆ ದಿನ ಬೆಳಿಗ್ಗೆ ಗುರುಪ್ರಸಾದ್ ಎಂದಿನಂತೆ ಹೋಗಿ ಒಂದು ಬೀಗ ಹಾಕಿ ಬಂದಿದ್ದ. ಬಂದವನೇ ಸ್ನಾನ ಮಾಡಿ ಕೀಲಿಗಳನ್ನು ಪೂಜೆಗಿಟ್ಟ. ಆರತಿ ಮುಗಿಯುವಾಗ ತೆರೇಸಾಳ ಫೋನ್ ಬಂತು. ಅವನು ಬಂದೆ ಎಂದು ಎದ್ದ, ಸುಮಾ ಬಿಡಲಿಲ್ಲ. ಹಿಂದಿನ ವರ್ಷ ಮೀಟಿಂಗ್ ಇದೆ ಎಂದು ಲ್ಯಾಪ್‌ಟಾಪನ್ನು ಪೂಜೆಗಿಡದೆ ತೆಗೆದುಕೊಂಡು ಹೋಗಿದ್ದನಂತೆ. ಆ ಚಳಿಗಾಲದಲ್ಲೇ ಕೆಲಸ ಹೋಯಿತು. ಈ ವರ್ಷ ಇದನ್ನೂ ಕಳೆದುಕೊಳ್ಳುವುದು ಬೇಡ ಎಂದು ಅವಳು ದೇವರ ಮುಂದೆಯೇ ಅಡ್ಡ ಕೂತುಬಿಟ್ಟಳು.

ನನಗೆ ಸಿಟ್ಟು ಬಂತು, ಅಯ್ಯೋ ಎಂದೂ ಅನ್ನಿಸಿತು, ಯಾವುದು ಮೊದಲು ಎಂದು ಹೇಳಲಾರೆ. ಯಾವುದನ್ನು ಉಳಿಸಿಕೊಳ್ಳಲು ಕೂತಿದ್ದಳೋ ಅದನ್ನೇ ಕೂತು ಕಳೆಯುವ ಹಾಗಾಗಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು. "ಆಂಟಿ, ನೀವು ನಮ್ಮವರು. ಕೀ ಮುರೀತು ಅಂತಲೇ ಇರ್ಲಿ ಬಿಡಿ. ಪೂಜೆ ಅಂದ್ರೆ ಆಫೀಸಲ್ಲಿ ನಗ್ತಾರೆ. ಇವರು ಈ ಕೆಲಸ ಮಾಡ್ತಾರೆ ಅಂತ ದೇವಸ್ಥಾನದಲ್ಲಿ ಯಾರಿಗೂ ಹೇಳಿಲ್ಲ. ಕನ್ಸಲ್ಟಿಂಗ್ ಅಂತ ಹೇಳಿದೀನಿ."

"ತಡಾ ಆಗಿದ್ದಕ್ಕ ಲೈಸೆನ್ಸ್ ಹೋಗೂದಿಲ್ಲವ್ವಾ," ಎಂದೆ. "ಸುಳ್ಳು ಹೇಳಿದ್ದಕ್ಕ ಹೋಗತದ. ನಾ ಕಂಡದ್ದನ್ನ ಮುಚ್ಚಿಡಂಗಿಲ್ಲ. ಅವರಾಗೇ ಹೇಳಿದ್ರ ಉಳೀತದ."

ವಾಪಸು ಬರುವಾಗ ದಾರಿಯುದ್ದಕ್ಕೂ ಸ್ಟೀರಿಂಗಿನ ಮೇಲೆ ಬೆರಳು ಕುಟ್ಟುತ್ತಾ ಬಂದೆ. ಆಸ್ಟಿನ್ನಿನಲ್ಲಿ ಎಲ್ಲವನ್ನೂ ಕಾರ್ಲ್ ಮುಂದೆ ಇಟ್ಟೆ. ಪೂಜೆ ಏನು, ಕದಲಿಸುವುದು ಏನು ಎಂದು ಬಿಡಿಸಿ ಹೇಳಿದೆ. ನಕ್ಕುಬಿಟ್ಟರೆ ಮೇಜಿನ ಮೇಲಿದ್ದ ಕಪ್ಪು ಎಸೆಯುತ್ತೇನೆ ಎಂದು ಮನಸ್ಸಿನಲ್ಲೇ ತಯಾರಾಗಿದ್ದೆ. ಅವನು ನಗಲಿಲ್ಲ. ಹಲ್ಲುಕಡ್ಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ, "ಎರಡನೇ ಕೀಲಿ ಇರಲಿಲ್ಲವಾ?" ಎಂದ. ಅದನ್ನೂ ಪೂಜೆಗಿಟ್ಟಿದ್ದರು, ಒಂದನ್ನು ಹೊರಗಿಟ್ಟರೆ ಪೂಜೆ ಆದ ಹಾಗಲ್ಲ ಎಂದೆ. ಅದಕ್ಕೆ ಕಾರ್ಲ್, ಆ ಹೆಂಗಸು ಕಾರಣ ಕೇಳಿದ್ದಾಳೆ, ಇವನು ಸುಳ್ಳು ಉತ್ತರ ವಾಪಸ್ ತೆಗೆದುಕೊಂಡು ಅವಳ ಮುಖ ನೋಡಿ ನಿಜ ಹೇಳಲಿ, ಹೇಳಿದರೆ ಎಚ್ಚರಿಕೆ ಮತ್ತು ದಂಡ, ಇಲ್ಲದಿದ್ದರೆ ಲೈಸೆನ್ಸ್ ರದ್ದು ಎಂದ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹ್ಯೂಸ್ಟನ್ನಿನ ನಮ್ಮ ಆಫೀಸಿನ ಸಣ್ಣ ಕೋಣೆ. ಒಂದು ಕಡೆ ಕಾರ್ಲ್ ಮತ್ತು ನಾನು, ಎದುರಿಗೆ ಗುರುಪ್ರಸಾದ್, ಪಕ್ಕದಲ್ಲಿ ಕೆಲಸದ ನೀಲಿ ಬಟ್ಟೆಯಲ್ಲೇ ಬಂದಿದ್ದ ತೆರೇಸಾ. ಸುಮಾ ಹಿಂದೆ ಗೋಡೆ ಬದಿಯ ಕುರ್ಚಿಯಲ್ಲಿದ್ದಳು. ಅವನು ಬರುತ್ತಾನೋ ಇಲ್ಲವೋ ಎಂದು ನಾನು ಬೆಳಗಿನಿಂದ ಕಿಟಕಿಗೂ ಬಾಗಿಲಿಗೂ ಓಡಾಡಿದ್ದೆ. ಬಂದ ಮೇಲೆ, ಹೇಳುತ್ತಾನೋ ಇಲ್ಲವೋ ಎಂದು ಕೂತಲ್ಲೇ ಕಾಲು ಅಲ್ಲಾಡಿಸುತ್ತಿದ್ದೆ. ಅವನು ಮೇಜನ್ನೇ ನೋಡುತ್ತಾ, ಕೀಲಿ ಮುರಿದಿರಲಿಲ್ಲ ಎಂದು ಶುರು ಮಾಡಿ, ಪೂಜೆಯ ವಿಷಯ ಹೇಳಿ, ಸುಳ್ಳು ಬರೆದದ್ದು ತಪ್ಪು ಎಂದ. ಹೆಂಡತಿ ತಡೆದದ್ದನ್ನು ಮಾತ್ರ ಹೇಳಲಿಲ್ಲ, ನಾನೇ ಹೋಗಲಿಲ್ಲ ಎಂದುಬಿಟ್ಟ.

ತೆರೇಸಾ ತಲೆಯಾಡಿಸುತ್ತಾ ಕೇಳಿಸಿಕೊಂಡಳು. "ನಮ್ಮಮ್ಮ ಗುಡ್ ಫ್ರೈಡೇ ದಿನ ನಮಗೆ ಸೂಜಿ ಮುಟ್ಟೋಕೆ ಬಿಡ್ತಿರಲಿಲ್ಲ. ಅದು ನನಗೆ ಅರ್ಥ ಆಗುತ್ತೆ," ಎಂದಳು. "ಆದರೆ ಬೀಗ ತೆಗೆಯೋ ಹಾಗಿಲ್ಲದ ದಿನ ಬೆಳಿಗ್ಗೆ ಬೀಗ ಹಾಕಿದ್ದು ಯಾಕೆ?"

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ, ಕಾರ್ಲ್‌ಗೂ ಹೊಳೆದಿರಲಿಲ್ಲ. ಹಿಂದೆ ಕುರ್ಚಿ ಸರಿದ ಸದ್ದಾಯಿತು. ಸುಮಾ ಎದ್ದು ನಿಂತಿದ್ದಳು. ಇಂಗ್ಲಿಷಿನಲ್ಲೇ ಹೇಳಿದಳು: "ನನ್ನ ಗಂಡ ಕಾರುಗಳಿಗೆ ಬೀಗ ಹಾಕೋ ಕೆಲಸ ಮಾಡ್ತಾರೆ. ಅವತ್ತು ನಿಮ್ಮ ಫೋನ್ ಬಂದ ತಕ್ಷಣ ಎದ್ದಿದ್ರು. ಅಡ್ಡ ಕೂತವಳು ನಾನು. ನನಗೆ ಹೆದರಿಕೆ ಇತ್ತು. ನನ್ನ ಹೆದರಿಕೆಗೆ ನಿಮ್ಮ ಕಾರು ಸಿಕ್ಕಿಹಾಕಿಕೊಂಡಿತು."

ತೆರೇಸಾ ತಿರುಗಿ ಅವಳನ್ನು ನೋಡಿದಳು. ಹಾಗಾದರೆ ಇದನ್ನೇ ನನ್ನ ಏಜೆನ್ಸಿಗೆ ಹೇಳಿ, ನಾನು ಸುಮ್ಮನೆ ತಪ್ಪಿಸಿಕೊಂಡೆ ಎಂದು ಅವರು ತಿಳಿದಿದ್ದಾರೆ ಎಂದು ಫೋನನ್ನು ಮೇಜಿನ ಮೇಲಿಟ್ಟಳು. ಗುರುಪ್ರಸಾದ್ ಅಲ್ಲೇ, ನಮ್ಮೆಲ್ಲರ ಎದುರಿಗೆ, ಯಾರೋ ಒಬ್ಬ ಸೂಪರ್‌ವೈಸರಿಗೆ ತನ್ನ ಹೆಸರು, ತನ್ನ ಕೆಲಸ, ತನ್ನ ತಪ್ಪು ಎಲ್ಲ ಹೇಳಿದ. ಆ ಕಡೆಯವರು ಸರಿ, ಬರೆದುಕೊಂಡೆ ಎಂದರು. ತೆರೇಸಾ ಫೋನ್ ತೆಗೆದುಕೊಂಡು, ನನಗೆ ಮನೆಗಳಿಗೆ ಹೋಗಬೇಕು ಎಂದು ಎದ್ದಳು. ಕಾರ್ಲ್ ದಂಡ ಬರೆದು ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿದ, ಲೈಸೆನ್ಸ್ ಉಳಿಯಿತು.

ಆಮೇಲೆ ಕೆಲವೇ ತಿಂಗಳಿಗೆ ಶಾಸನಸಭೆ ಬೂಟಿನ ಲೈಸೆನ್ಸನ್ನೇ ತೆಗೆದುಹಾಕಿ, ಬೇಕಾದರೆ ನಗರಗಳೇ ನೋಡಿಕೊಳ್ಳಲಿ ಎಂದಿತು. ನನ್ನ ವಿಭಾಗ ಮುಚ್ಚಿತು. ನನಗೆ ಕಾರು ಎಳೆದೊಯ್ಯುವ ಟೋಯಿಂಗ್ ಲಾರಿಗಳ ಕೆಲಸ ಕೊಟ್ಟರು, ಅದರಲ್ಲೇ ನಿವೃತ್ತಿಯಾಯಿತು. ಲೈಸೆನ್ಸ್ ಹೋದದ್ದು ಸರಿಯೋ ತಪ್ಪೋ ಎಂದು ಈಗಲೂ ಯಾರಾದರೂ ಕೇಳಿದರೆ ಜಗಳಕ್ಕೆ ನಿಲ್ಲುತ್ತೇನೆ. ಒಂದು ಗಂಟೆಯೊಳಗೆ ಬರಬೇಕು ಎಂದು ಕೇಳುವವರು ಈಗ ಎಷ್ಟು ಊರಿನಲ್ಲಿದ್ದಾರೆ, ಹೇಳಿ.

ನಿವೃತ್ತಿಯ ನಂತರದ ನವರಾತ್ರಿಯಲ್ಲಿ ಸುಮಾ ಗೊಂಬೆ ನೋಡಲು ಕರೆದಳು. ಈಗ ಹೋಗಲು ಯಾವ ನಿಯಮದ ಅಡ್ಡಿಯೂ ಇರಲಿಲ್ಲ, ಹೋದೆ, ಕಾಫಿಯನ್ನೂ ಕುಡಿದೆ. ಗುರುಪ್ರಸಾದನಿಗೆ ಅಷ್ಟರಲ್ಲಿ ಎನರ್ಜಿ ಕಾರಿಡಾರಿನಲ್ಲಿ ಮತ್ತೆ ಎಂಜಿನಿಯರ್ ಕೆಲಸ ಸಿಕ್ಕಿತ್ತು. ನಡುಮನೆಯಲ್ಲಿ, ಬಂದವರು ಕೂರುವ ಸೋಫಾದ ಎದುರಿಗೇ, ಅವನ ಎಂಜಿನಿಯರಿಂಗ್ ಪದವಿಪತ್ರದ ಪಕ್ಕದಲ್ಲಿ ಆ ಹಳೆಯ ಬೂಟ್ ಲೈಸೆನ್ಸಿನ ಕಾರ್ಡನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಅವಧಿ ಮುಗಿದ ಲೈಸೆನ್ಸ್ ಹೀಗೆ ಗೋಡೆಗೆ ಹಾಕುವಂತಿಲ್ಲ ಎಂದು ನಾಲಿಗೆ ತುದಿಯವರೆಗೆ ಬಂತು, ಕೋಸಂಬರಿಯ ಜೊತೆ ನುಂಗಿದೆ. ದೇವಸ್ಥಾನದ ಗೆಳತಿಯೊಬ್ಬಳು ಕುಂಕುಮ ತೆಗೆದುಕೊಳ್ಳುತ್ತಾ, ಇದೇನ್ರೀ ಇದು ಎಂದು ಕಾರ್ಡಿನ ಕಡೆ ಬೆರಳು ತೋರಿಸಿದಳು. ಸುಮಾ ಎಲೆ ಅಡಿಕೆ ಜೋಡಿಸುತ್ತಿದ್ದವಳು ತಲೆ ಎತ್ತಿದಳು.

"ನಮ್ಮವರ ಲೈಸೆನ್ಸು. ಕಾರುಗಳಿಗೆ ಬೀಗ ಹಾಕ್ತಿದ್ರು," ಎಂದಳು. "ಕಷ್ಟದಲ್ಲಿ ಅದೇ ನಮಗೆ ಊಟ ಹಾಕಿದ್ದು."